ನಾನೇ ಓಡಿಸಿಕೊಂಡು ಹೋಗಿ ಬಿಟ್ಟುಬಂದ ಅಮೆರಿಕಾ ಕಾರು

ನಮ್ಮ ಕಾರಿಗೆ ಬೆಂಕಿ ಇಟ್ಟ ಹೊತ್ತಿನಲ್ಲಿ ನಾನು ತುರುವೇಕೆರೆಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಕನ್ನಡಿಯ ಪಾಠ ಮಾಡುತ್ತಿದ್ದೆ. ಬೆಂಕಿ ಇಟ್ಟವರು ಸಿನಿಮಾದವರು. ಇಡಿ ಎಂದು ಬರೆದುಕೊಟ್ಟವನು ನನ್ನ ಒಡಹುಟ್ಟಿದ ಅಣ್ಣ. ಆ ಕಾರನ್ನು ತಿಪಟೂರಿನಿಂದ ಮಾಯಸಂದ್ರದ ಹತ್ತಿರದ ತೋಟದವರೆಗೆ ಓಡಿಸಿಕೊಂಡು ಹೋಗಿ, ಒರೆಸಿ, ಬೀಗದ ಕೈ ಅವರ ಕೈಗೆ ಕೊಟ್ಟು ಬಂದವಳು ನಾನು. ಎಷ್ಟು ವರ್ಷವಾದರೂ ಈ ಕೊನೆಯದನ್ನು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ಹಳೇ ಕಾರಿನ ಹುಚ್ಚು ಹತ್ತಿದವರನ್ನು ಆಮೇಲೆ ನಾನು ಕೆಲವರನ್ನು ಕಂಡಿದ್ದೇನೆ. ಒಳ್ಳೆಯ ಜನ. ತಮ್ಮ ಅಮೆರಿಕಾ ಕಾರಿನ ಸುದ್ದಿ ಬಂದರೆ ಅವರ ದನಿ ಮೆತ್ತಗಾಗುತ್ತದೆ. ಹಸುವಿನ ಮೈ ಸವರುವವರ ಹಾಗೆ ಗಾಳಿಯಲ್ಲೇ ಕೈ ಆಡಿಸುತ್ತಾರೆ. ನನಗೂ ಹಾಗೆ ಮಾತಾಡಬೇಕೆಂಬ ಆಸೆಯಿದೆ. ಶುರು ಮಾಡುತ್ತೇನೆ. ನಾಲ್ಕು ಮಾತು ಆಡುವಷ್ಟರಲ್ಲಿ ಹಲ್ಲು ಕಚ್ಚಿಕೊಂಡಿರುತ್ತೇನೆ.

ಕಾರು ಮನೆಗೆ ಬಂದದ್ದು ನಾನು ಹುಟ್ಟುವ ಮೊದಲು. ಅಪ್ಪನದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಮೈಸೂರಿನ ಯಾರೋ ದೊಡ್ಡ ಮನೆಯವರು ವರ್ಷಗಟ್ಟಲೆ ಓಡಿಸಿ, ಸಾಕೆಂದು ಮಾರಿದ್ದನ್ನು ಅಪ್ಪ ಕೊಂಡುತಂದರಂತೆ. ಮೇಲೆ ಕೆನೆ ಬಣ್ಣ, ಕೆಳಗೆ ಮಾವಿನೆಲೆಯ ಹಸಿರು. ಹಿಂದುಗಡೆ ಎರಡು ರೆಕ್ಕೆ ಎದ್ದು ನಿಂತಿದ್ದವು. ಮುಂದಿನ ಸೀಟು ಒಂದೇ ಉದ್ದನೆಯ ಸೋಫಾ. ಅಪ್ಪ, ಅಮ್ಮ, ಅಣ್ಣ, ನಾನು ನಾಲ್ಕೂ ಜನ ಅದರಲ್ಲೇ ಕೂತುಬಿಡಬಹುದಿತ್ತು. ಗೇರಿನ ಹಿಡಿ ಸ್ಟೇರಿಂಗಿನ ಕೆಳಗೇ ಇತ್ತು. ಕಂಪನಿಯ ಹೆಸರು ಬಾನೆಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಹೊಳೆಯುತ್ತಿದ್ದರೂ ಊರಿನವರ್ಯಾರೂ ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ಎಲ್ಲರಿಗೂ ಅದು ‘ಅಮೆರಿಕಾ ಕಾರು’. ನಾವು ‘ಅಮೆರಿಕಾ ಕಾರಿನೋರು’.

ಅದನ್ನು ನಿಲ್ಲಿಸುತ್ತಿದ್ದದ್ದು ಮನೆಗೆ ಅಂಟಿಕೊಂಡ ಗೋದಾಮಿನಲ್ಲಿ, ಅಟ್ಟದ ಕೆಳಗೆ. ಅಟ್ಟದ ಮೇಲೆ ಸಿಪ್ಪೆ ಸಮೇತ ಸಾವಿರಾರು ಕಾಯಿ ವರ್ಷವಿಡೀ ಒಣಗಿ ಒಳಗೊಳಗೇ ಕೊಬ್ಬರಿಯಾಗುತ್ತಿದ್ದವು, ಕೆಳಗೆ ಕಾರು. ಬಾಗಿಲು ತೆಗೆದರೆ ಪೆಟ್ರೋಲೂ ಕೊಬ್ಬರಿಯೂ ಬೆರೆತ ಒಂದು ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಇಲಿ ಎಬ್ಬಿಸಿದ ಕಾಯಿ ಉರುಳಿ ಕಾರಿನ ನೆತ್ತಿಯ ಮೇಲೆ ಬಿದ್ದಾಗಲೆಲ್ಲ ಅಪ್ಪ ತಮಗೇ ಏಟು ಬಿದ್ದವರಂತೆ “ಅಯ್ಯೋ” ಅನ್ನುತ್ತಿದ್ದರು. ಕೊನೆಗೆ ಅಮ್ಮನ ಹಳೇ ಹಾಸಿಗೆಯೊಂದನ್ನು ಅದಕ್ಕೆ ಹೊದಿಸಿದರು. ಅಮ್ಮ ಆ ಹಾಸಿಗೆಗಾಗಿ ಎಷ್ಟೋ ದಿನ ಗೊಣಗಿದರು.

ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ತುರುವೇಕೆರೆಯಲ್ಲಿ ವಿಜ್ಞಾನದ ಟೀಚರಾದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ತೊಂಬತ್ತರ ದಶಕದ ಶುರುವದು. ಮಾತು ಉಳಿಯಿತು, ಕೈ ಉಳಿಯಿತು, ಎಡಗಾಲು ಹೋಯಿತು. ಎಡಗಾಲಿಲ್ಲದೆ ಕ್ಲಚ್ಚು ತುಳಿಯುವುದು ಹೇಗೆ? ಮೂರು ತಿಂಗಳು ಕಾರು ಹಾಸಿಗೆ ಹೊದ್ದು ಮಲಗಿತು, ಅಪ್ಪನೂ ಹಾಗೇ. ಅಣ್ಣ ಮಂಡಿ ವಹಿಸಿಕೊಂಡಿದ್ದ, ಅವನು ಸ್ಕೂಟರಿನಲ್ಲಿ ಓಡಾಡುತ್ತಿದ್ದ. ಅಪ್ಪ ದಿನಾ ಬೆಳಿಗ್ಗೆ ಕುರ್ಚಿ ಎಳೆಸಿಕೊಂಡು ಗೋದಾಮಿನ ಬಾಗಿಲಲ್ಲಿ ಕೂತಿರುತ್ತಿದ್ದರು. ಒಳಗೆ ನೋಡುತ್ತಿರಲಿಲ್ಲ, ಸುಮ್ಮನೆ ಅಲ್ಲಿ ಕೂರಬೇಕಿತ್ತು ಅವರಿಗೆ.

ಆಗ ಮೇಸ್ತ್ರಿ ಬಂದರು. ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಗ್ಯಾರೇಜು, ಅವರ ತಂದೆಯ ಕಾಲದ್ದು. ನಮ್ಮ ಕಾರು ಅಷ್ಟು ವರ್ಷ ಬದುಕಿದ್ದರೆ ಅದು ಅವರ ಕೈಯ ಋಣ. ಅಮೆರಿಕದ ಬಿಡಿಭಾಗ ತಿಪಟೂರಿನಲ್ಲಿ ಎಲ್ಲಿ ಸಿಗುತ್ತದೆ? ಲಾರಿಯ ಬುಷ್ಷನ್ನು ಲೇತಿಗೆ ಕೊಟ್ಟು ಕೊರೆಸಿ ಕೂರಿಸುತ್ತಿದ್ದರು, ರಟ್ಟನ್ನು ಕತ್ತರಿಸಿ ಎಣ್ಣೆಯಲ್ಲಿ ನೆನೆಸಿ ಗ್ಯಾಸ್ಕೆಟ್ ಮಾಡುತ್ತಿದ್ದರು. ಅವರು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, “ಯಜಮಾನ್ರೇ, ಗಾಡಿ ನಿಂತ್ರೆ ಸಾಯ್ತದೆ. ಯಾರಾದ್ರೂ ಓಡಿಸ್ಲೇಬೇಕು,” ಅಂದರು.

“ಯಾರು ಓಡಿಸ್ತಾರಯ್ಯಾ?”

ಮೇಸ್ತ್ರಿ ಬಾಗಿಲ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದ ನನ್ನ ಕಡೆ ನೋಡಿದರು. “ಟೀಚರಮ್ಮ ಓಡಿಸ್ತಾರೆ. ಕಾಲೂ ಉದ್ದ ಐತೆ, ತಲೇನೂ ಐತೆ.”

ಅಪ್ಪ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. “ಕಲೀತೀಯೇನವ್ವಾ?” ಅಂದರು. ಅಮ್ಮ ಒಳಗಿನಿಂದಲೇ, “ಹುಡ್ಗಿ ಮದುವೆ ಮಾಡ್ಬೇಕು ಅಂತ ಇದ್ದೀರೋ, ಡ್ರೈವರ್ ಕೆಲ್ಸಕ್ಕೆ ಸೇರಿಸ್ಬೇಕು ಅಂತ ಇದ್ದೀರೋ?” ಎಂದು ಕೂಗಿದರು. ಆದರೆ ಮೊದಲ ಸಲ ನಾನು ಕಾರು ಹೊರಗೆ ತೆಗೆದ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟವರೂ ಅಮ್ಮನೇ.

ಕಲಿತದ್ದು ಬೇಸಗೆಯಲ್ಲಿ ಒಣಗಿದ ಕೆರೆಯ ಅಂಗಳದಲ್ಲಿ. ತಲೆದಿಂಬು ಹಾಕಿಕೊಂಡು ಕೂತರೆ ಮಾತ್ರ ಬಾನೆಟ್ಟಿನ ತುದಿ ಕಾಣುತ್ತಿತ್ತು. ಆ ಗಾಡಿಯ ಒಂದೊಂದು ಹಟವನ್ನೂ ನಾನು ಕಲಿತೆ. ಮಳೆಯಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ವೈಪರ್ ನಿಂತುಬಿಡುತ್ತಿತ್ತು. ಕಾಲು ತೆಗೆದರೆ ಮತ್ತೆ ಆಡುತ್ತಿತ್ತು. ಬ್ರೇಕನ್ನು ಒಮ್ಮೆ ತುಳಿದರೆ ಸಾಲದು, ಎರಡು ಸಲ ತುಳಿಯಬೇಕು. ಏಪ್ರಿಲ್ ಬಿಸಿಲಿಗೆ ಪೆಟ್ರೋಲ್ ಪಂಪು ಕಾದು ದಾರಿ ಮಧ್ಯೆ ಗಾಡಿ ನಿಂತರೆ ಗಾಬರಿಯಾಗಬಾರದು. ಒದ್ದೆ ಬಟ್ಟೆ ಸುತ್ತಿ, ಒಂದು ಎಳನೀರು ಕುಡಿಯುವಷ್ಟು ಹೊತ್ತು ಕಾದರೆ ಮತ್ತೆ ಹೊರಡುತ್ತದೆ. ಕಾರ್ಬುರೇಟರನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದನ್ನು ಮೇಸ್ತ್ರಿ ನನ್ನ ಕೈಯಲ್ಲೇ ಮಾಡಿಸಿದರು. ತಪ್ಪಿದಾಗ ಬೈಯುತ್ತಿರಲಿಲ್ಲ. “ಅರೆ, ಅದು ಬ್ಯಾಡ ಅಂತೈತೆ, ನೀವು ಯಾಕೆ ಜಬರದಸ್ತಿ ಮಾಡ್ತೀರಾ?” ಅನ್ನುತ್ತಿದ್ದರು.

ಆಮೇಲೆ ನಾಲ್ಕೈದು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದೆ. ತುರುವೇಕೆರೆ ದಾಟಿ ದಂಡಿನಶಿವರದಲ್ಲಿದ್ದ ಅಪ್ಪನ ಸ್ನೇಹಿತರ ತೋಟದವರೆಗೆ; ಮನಸ್ಸು ಬಂದರೆ ಅಲ್ಲಿಂದ ಅಮ್ಮಸಂದ್ರದ ರೈಲ್ವೆ ಗೇಟಿನವರೆಗೆ. ರಸ್ತೆಯ ಎರಡೂ ಬದಿ ತೆಂಗಿನ ಸಾಲು. ಬಾನೆಟ್ಟಿನ ಮೇಲೆ ಗರಿಯ ನೆರಳು ಓಡುತ್ತಲೇ ಇರುತ್ತಿತ್ತು. ಟೀ ಅಂಗಡಿಯವರು ಎದ್ದು ನಿಂತು ನೋಡುತ್ತಿದ್ದರು. “ಹೆಣ್ ಮಗ ಓಡಿಸ್ತಾ ಐತೆ ಕಣ್ಲಾ!” ಎಂದು ಒಬ್ಬರು ಕೂಗಿದರೆ ಅಪ್ಪ ಕಿಟಕಿಯಿಂದ ತಲೆ ಹಾಕಿ, “ನನ್ ಮಗ್ಳು ಕಣಪ್ಪ!” ಅನ್ನುತ್ತಿದ್ದರು. ಇಡೀ ಆಯುಸ್ಸಿನಲ್ಲಿ ನನ್ನ ಬಗ್ಗೆ ಅಪ್ಪ ಗಟ್ಟಿಯಾಗಿ ಹೇಳಿದ ಹೊಗಳಿಕೆ ಅದೊಂದೇ.

ಒಂದು ಭಾನುವಾರ ಮೇಸ್ತ್ರಿಯೂ ಹಿಂದಿನ ಸೀಟಿನಲ್ಲಿದ್ದರು. ದಂಡಿನಶಿವರದ ಹತ್ತಿರ ಅಪ್ಪ ಇದ್ದಕ್ಕಿದ್ದ ಹಾಗೆ, “ಈ ಕಾರು ನಿಂದೇ ಕಣವ್ವ. ಮೇಸ್ತ್ರಿ, ಕೇಳಿಸ್ಕೊಂಡ್ಯಾ?” ಅಂದರು. “ಕೇಳಿಸ್ತು ಯಜಮಾನ್ರೇ,” ಅಂದರು ಮೇಸ್ತ್ರಿ. ಬಾಯಿಮಾತು. ಕಾಗದದಲ್ಲಿ ಒಂದು ಗೆರೆ ಇರಲಿಲ್ಲ. ಕೊಬ್ಬರಿ ವ್ಯಾಪಾರದಲ್ಲಿ ಚೀಟಿಯಿಲ್ಲದೆ ಒಂದು ಮೂಟೆ ಕದಲಿಸದ ಮನುಷ್ಯ, ಮಗಳ ಪಾಲಿಗೆ ಬಾಯಿಮಾತು ಸಾಕು ಅಂದುಕೊಂಡರು. ಈ ಸಿಟ್ಟು ನನಗೆ ಆಗ ಬರಲಿಲ್ಲ. ಬರುವುದಕ್ಕೆ ಹತ್ತು ವರ್ಷ ಬೇಕಾಯಿತು.

ಅಪ್ಪ ಎರಡನೇ ಸಲದ ಹೊಡೆತಕ್ಕೆ ಹೋದರು. ತಿಥಿಯೆಲ್ಲ ಮುಗಿದ ಮೇಲೆ ಅಣ್ಣ ಒಂದು ಕಾಗದ ತಂದ. “ಕಾರಿನ ಆರ್.ಸಿ. ಬುಕ್ಕು ಯಾರಾದ್ರೊಬ್ಬರ ಹೆಸರಿಗೆ ಆಗ್ಬೇಕಂತೆ. ನಮ್ ತಕರಾರಿಲ್ಲ ಅಂತ ನೀನೂ ಅಮ್ಮನೂ ಸೈನ್ ಹಾಕ್ಬೇಕು.”

“ನನ್ ಹೆಸರಿಗೇ ಮಾಡಿಸಣ್ಣ. ಅಪ್ಪ ಹೇಳಿದ್ರು.”

“ಹೇಳಿದ್ರು, ಸರಿ. ನಾಳೆ ನೀನು ಮದುವೆಯಾಗಿ ಹೋಗೋಳು. ಆಗ ಮತ್ತೆ ಇನ್ನೊಂದ್ ಸಲ ಆಫೀಸ್ ಸುತ್ತೋರ್ಯಾರು? ಹೆಸರಿಗೆ ಮಾತ್ರ ಕಣೇ. ಓಡಿಸೋಳು ನೀನೇ ತಾನೇ?”

ಹಾಕಿದೆ. ಸೈನ್ ಹಾಕಿದ ಪೆನ್ನು ಕೂಡ ನನ್ನದೇ. ಅಣ್ಣನ ಜೊತೆ ಕಾಗದದ ಜಗಳ ಆಡುವುದು ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಿಗೆ ಸಲ್ಲ ಎಂದು ಅಂದು ನನಗೂ ಅನ್ನಿಸಿತ್ತು. ಮಕ್ಕಳಿಗೆ ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ ಎಂದು ದಿನವಿಡೀ ಬಾಯಿ ಬಡಿದುಕೊಳ್ಳುವ ಟೀಚರು ಆ ಕಾಗದವನ್ನು ಪೂರ್ತಿ ಓದಲೂ ಇಲ್ಲ.

ಅದಾಗಿ ಎರಡು ವರ್ಷಕ್ಕೆ ಸಿನಿಮಾದವರು ಬಂದರು. ಮಾಯಸಂದ್ರದ ಆಚೆ ಒಂದು ದೊಡ್ಡ ತೋಟದಲ್ಲಿ ಶೂಟಿಂಗು. ಅವರ ಮ್ಯಾನೇಜರ್ ತಿಪಟೂರಿಗೆ ಬಂದು ಹಳೇ ದೊಡ್ಡ ಕಾರು ಯಾರ ಹತ್ತಿರ ಇದೆ ಎಂದು ವಿಚಾರಿಸಿದರೆ ಊರಿಗೆ ಊರೇ ನಮ್ಮ ಮನೆ ತೋರಿಸಿತು. ಒಂದು ಶನಿವಾರ ನಾನು ಶಾಲೆಯಿಂದ ಬಂದಾಗ ಅಣ್ಣ ಬಲು ಸಡಗರದಲ್ಲಿದ್ದ.

“ನಮ್ ಕಾರು ಸಿನಿಮಾದಲ್ಲಿ ಬರುತ್ತೆ ಕಣೇ! ಎರಡು ದಿನದ ಶೂಟಿಂಗ್. ಅವರ ಡ್ರೈವರಿಗೆ ಆ ಗೇರು ಗೊತ್ತಾಗಲ್ಲ. ನಾಳೆ ಭಾನುವಾರ ತಾನೇ, ನೀನೇ ಒಯ್ದು ಬಿಟ್ಟು, ಅವನಿಗೆ ಹೇಳಿಕೊಟ್ಟು ಬಾ.”

ನನಗೆ ಎಷ್ಟು ಖುಷಿಯಾಯಿತು ಎಂದು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಅಂದೇ ಸಂಜೆ ಮೇಸ್ತ್ರಿಗೆ ಹೇಳಿ ಕಳಿಸಿದೆ. ಇಬ್ಬರೂ ಸೇರಿ ಕಾರು ತೊಳೆದೆವು. ಸೀಟಿಗೆ ಕೊಬ್ಬರಿ ಎಣ್ಣೆ ಸವರಿ ಒರೆಸಿದೆವು. ಬಂಪರನ್ನು ಹುಣಸೆಹಣ್ಣಿನಲ್ಲಿ ಉಜ್ಜಿದೆ, ಮೇಸ್ತ್ರಿ “ದೇವರ ದೀಪ ಬೆಳಗ್ತೀರಾ?” ಎಂದು ನಕ್ಕರು. ಭಾನುವಾರ ಒಬ್ಬಳೇ ಓಡಿಸಿಕೊಂಡು ಹೋದೆ. ತೋಟದಲ್ಲಿ ಜನವೋ ಜನ. ಕಾರು ಓಡಿಸಬೇಕಿದ್ದ ಸ್ಟಂಟ್ ಡ್ರೈವರು ನನ್ನದೇ ವಯಸ್ಸಿನವರು, ಮರ್ಯಾದೆಯ ಮನುಷ್ಯ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋಟದ ದಾರಿಯಲ್ಲಿ ನಾಲ್ಕು ಸುತ್ತು ಹೊಡೆಸಿದೆ. ಬ್ರೇಕು ಎರಡು ಸಲ ತುಳೀರಿ. ನಿಂತರೆ ಬೈಬೇಡಿ, ಒದ್ದೆ ಬಟ್ಟೆ ಡಿಕ್ಕಿಯಲ್ಲಿದೆ. ಎರಡನೇ ಗೇರಿಗೆ ಹಾಕುವಾಗ ಸ್ವಲ್ಪ ನಿಧಾನ. ಅವರು ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ ಏನೋ ಹೇಳಲು ಬಾಯಿ ತೆಗೆದವರು ಮ್ಯಾನೇಜರ್ ಬರುವುದನ್ನು ನೋಡಿ ಸುಮ್ಮನಾದರು. ಆಗ ನನಗೆ ಅದು ಏನೂ ಅನ್ನಿಸಲಿಲ್ಲ. ಹೊರಡುವ ಮುಂಚೆ ಮುಂದಿನ ಗಾಜು ಇನ್ನೊಮ್ಮೆ ಒರೆಸಿ, ಬಸ್ಸು ಹತ್ತಿದೆ.

ಮಾರನೆಯ ದಿನ ಮಧ್ಯಾಹ್ನ ಮೇಸ್ತ್ರಿ ಶಾಲೆಯ ಗೇಟಿಗೆ ಬಂದಿದ್ದಾರೆಂದು ಜವಾನ ಬಂದು ಹೇಳಿದ. ತಿಪಟೂರಿನವರು ಇಲ್ಲಿಗೇಕೆ ಬಂದರು ಎಂದು ಓಡಿದೆ. ಮೊಪೆಡ್ಡು ನಿಲ್ಲಿಸಿಕೊಂಡು ನಿಂತಿದ್ದರು. ಮುಖವೆಲ್ಲ ಧೂಳು. ಕಾರ್ಬುರೇಟರ್ ತೊಂದರೆ ಕೊಟ್ಟೀತು, ನೋಡಿ ಬರೋಣ ಎಂದು ತಾವಾಗಿಯೇ ಶೂಟಿಂಗಿಗೆ ಹೋಗಿದ್ದರಂತೆ.

“ಸುಟ್ಟಾಕ್ಬುಟ್ರು ಅಮ್ಮಾ,” ಅಂದರು. “ಬಾಂಬ್ ಇಟ್ಟು ಸುಟ್ಟಾಕ್ಬುಟ್ರು.”

ಯಾರನ್ನು, ಏನನ್ನು ಎಂದು ನಾನು ಕೇಳಲಿಲ್ಲ. ಹೆಡ್ ಮಾಸ್ಟರಿಗೂ ಹೇಳದೆ ಮೊಪೆಡ್ಡಿನ ಹಿಂದೆ ಕೂತೆ. ತುರುವೇಕೆರೆಯಲ್ಲಿ ಟೀಚರಮ್ಮ ಮೇಸ್ತ್ರಿಯ ಮೊಪೆಡ್ಡಿನಲ್ಲಿ ಕೂತದ್ದನ್ನು ಎಷ್ಟು ಜನ ನೋಡಿದರು, ಆಮೇಲೆ ಏನೇನು ಆಡಿಕೊಂಡರು ಎಂಬುದು ಬೇರೆಯೇ ಕಥೆ. ಆಡಿಕೊಂಡವರಿಗೆ ಒಂದು ಮಾತು: ಆ ದಿನ ನನ್ನ ಪಾಲಿಗೆ ಮನುಷ್ಯ ಅನ್ನಿಸಿಕೊಂಡವರು ಅವರೊಬ್ಬರೇ.

ನಾವು ಹೋದಾಗ ಸಿನಿಮಾದವರು ತೆಂಗಿನ ನೆರಳಲ್ಲಿ ಸಾಲಾಗಿ ಕೂತು ಊಟ ಮಾಡುತ್ತಿದ್ದರು. ಮಜ್ಜಿಗೆ ಬಡಿಸುತ್ತಿದ್ದರು. ಅವರಿಂದ ಇಪ್ಪತ್ತು ಮಾರು ದೂರದಲ್ಲಿ ಕಾರು ಬೋರಲು ಬಿದ್ದಿತ್ತು. ನಾಲ್ಕೂ ಟೈರು ಉರಿದು ಕಂಬಿ ಕಾಣುತ್ತಿತ್ತು. ಇನ್ನೂ ಹೊಗೆಯಾಡುತ್ತಿತ್ತು. ಪಕ್ಕದ ಎರಡು ತೆಂಗಿನ ಮರದ ಗರಿಗಳೂ ಸೀದು ಹೋಗಿದ್ದವು. ಹಸಿರು ಬಣ್ಣ ಎಂದು ಹೇಳಬಹುದಾದದ್ದು ಒಂದು ಬಾಗಿಲಿನ ಮೂಲೆಯಲ್ಲಿ ಮಾತ್ರ, ಅಂಗೈಯಷ್ಟು.

ಮ್ಯಾನೇಜರ್ ಕೈ ತೊಳೆದುಕೊಂಡು ಬಂದರು. ನಾನು ಕಿರುಚುತ್ತಿದ್ದೆ. ಏನು ಕಿರುಚಿದೆನೋ ನನಗೇ ನೆನಪಿಲ್ಲ. ಅವರು ಮಾತ್ರ ಮೆತ್ತಗೆ, “ಮೇಡಂ, ನಾವು ಬಾಡಿಗೆಗೆ ತಗೊಂಡಿಲ್ಲ. ಬ್ಲಾಸ್ಟ್ ಮಾಡಕ್ಕೆ ಅಂತಾನೇ ಕೊಂಡ್ಕೊಂಡಿದ್ದು. ನಿಮ್ಮ ಅಣ್ಣನೇ ಬರ್ಕೊಟ್ಟಿದ್ದಾರೆ, ನೋಡಿ,” ಎಂದು ಕಾಗದ ಬಿಡಿಸಿದರು. ಅಣ್ಣನ ಸೈನು. ಅದರ ಜೊತೆಗೆ ಪಿನ್ನು ಹಾಕಿ ಇಟ್ಟದ್ದು ಇನ್ನೊಂದು ಕಾಗದದ ಜೆರಾಕ್ಸ್: ತಕರಾರಿಲ್ಲ ಎಂಬುದು. ಅದರ ಕೆಳಗೆ ಅಮ್ಮನದು, ನನ್ನದು.

ಸ್ಟಂಟ್ ಡ್ರೈವರು ಊಟದ ಎಲೆ ಬಿಟ್ಟು ಎದ್ದು ಬಂದರು. “ಅಕ್ಕಾ, ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ,” ಅಂದರು. “ಗೊತ್ತಿದ್ದೂ ಯಾಕೆ ಇಷ್ಟು ಚೆನ್ನಾಗಿ ಹೇಳ್ಕೊಡ್ತಿದ್ದಾರೆ ಅಂತ ನೆನ್ನೆ ರಾತ್ರಿಯೆಲ್ಲ ತಲೆ ಕೆಡ್ತು. ಒಳ್ಳೇ ಗಾಡಿ ಅಕ್ಕಾ. ಎಲ್ಲೂ ನಿಲ್ಲಲಿಲ್ಲ.”

ಮನೆಗೆ ಬಂದಾಗ ಅಣ್ಣ ಮಂಡಿಯಿಂದ ಆಗಲೇ ಬಂದು ಕೂತಿದ್ದ. ನಾನು ಚಪ್ಪಲಿ ಸಹ ಬಿಡದೆ ಒಳಗೆ ನುಗ್ಗಿದೆ.

“ಯಾಕೆ ಸುಳ್ಳು ಹೇಳ್ದೆ?”

“ನಿಜ ಹೇಳಿದ್ರೆ ನೀನು ಬಿಡ್ತಿದ್ಯಾ?”

“ಬಿಡ್ತಿರಲಿಲ್ಲ!”

“ಅದಕ್ಕೇ ಹೇಳ್ಲಿಲ್ಲ. ಒಂದು ಹಳೇ ಡಬ್ಬಕ್ಕೆ ಇಷ್ಟು ರಂಪ ಮಾಡ್ತಾರೇನೇ?”

“ಮಾರೋದಾಗಿದ್ರೆ ಮಾರು. ನನ್ ಕೈಯಲ್ಲೇ ಯಾಕೆ ಕಳಿಸ್ದೆ? ನನ್ ಕೈಯಲ್ಲೇ ಯಾಕೆ?”

ಅವನು ಎದ್ದ. ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಸ್ನಾನಕ್ಕೆ ಹೋದ. ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದರು. “ಹೋಗಿದ್ದು ಹೋಯ್ತು ಬುಡು. ಗಂಡು ಮಗ, ಅವನ ಹತ್ರ ಇದಕ್ಕೆಲ್ಲ ನಿಷ್ಠುರ ಕಟ್ಕೊಂಡ್ರೆ ನಾಳೆ ನಿನಗೆ ತವರು ಅಂತ ಯಾವ್ದಿರುತ್ತೆ?” ಅಂದರು. ಮೊರವನ್ನು ಕಿತ್ತು ಅಂಗಳಕ್ಕೆ ಎಸೆದೆ. ಅಕ್ಕಿಯೆಲ್ಲ ಚೆಲ್ಲಿತು. ಆ ಅಕ್ಕಿಯನ್ನು ಅಮ್ಮ ಒಂದೊಂದೇ ಆರಿಸಿಕೊಂಡದ್ದನ್ನು ನೆನೆದರೆ ಈಗ ನನ್ನ ಮೇಲೇ ಕೋಪ ಬರುತ್ತದೆ.

ವಾರದೊಳಗೆ ತುರುವೇಕೆರೆಯಲ್ಲಿ ಒಂದು ರೂಮು ಮಾಡಿಕೊಂಡು ಮನೆ ಬಿಟ್ಟೆ. ಅಲ್ಲೇ ಸಹೋದ್ಯೋಗಿಯೊಬ್ಬರನ್ನು ಮದುವೆಯೂ ಆದೆ. ಅಣ್ಣ ಮದುವೆಗೆ ಬಂದ, ಧಾರೆಗೆ ನಿಂತ, ಫೋಟೋದಲ್ಲಿದ್ದಾನೆ. ನಾವು ಮಾತಾಡಲಿಲ್ಲ.

ಸಿನಿಮಾ ಮುಂದಿನ ವರ್ಷ ತಿಪಟೂರಿಗೆ ಬಂತು. ನಮ್ಮ ಕಡೆ ತೆಗೆದ ಚಿತ್ರ ಎಂದು ಹಳ್ಳಿಹಳ್ಳಿಯಿಂದ ಜನ ಹೋದರು. ನಾನು ಹೋಗಬಾರದು ಅಂದುಕೊಂಡಿದ್ದೆ. ಒಂದು ಸೋಮವಾರ ತರಗತಿಗೆ ಕಾಲಿಟ್ಟರೆ ಮುಂದಿನ ಬೆಂಚಿನ ಹುಡುಗಿ, ಜಾಣೆ, ನನಗೆ ಇಷ್ಟದವಳು, ಕಣ್ಣು ಅಗಲಿಸಿಕೊಂಡು, “ಮೇಡಂ, ಮೇಡಂ, ನಿಮ್ ಕಾರು ಹೆಂಗೆ ಎಗರ್ತು ಗೊತ್ತಾ? ಢಂ ಅಂತ! ಎಲ್ರೂ ಸಿಳ್ಳೆ ಹೊಡೆದ್ರು!” ಅಂದಳು. ಕೆನ್ನೆಗೆ ಹೊಡೆದೆ. ಏನು ತಪ್ಪು ಮಾಡಿದೆ ಎಂದು ಅವಳಿಗೆ ತಿಳಿಯಲೇ ಇಲ್ಲ. ಕೆನ್ನೆ ಹಿಡಿದುಕೊಂಡು “ಸಾರಿ ಮೇಡಂ” ಅಂದಳು. ಮಾರನೆಯ ದಿನ ಅದೇ ತರಗತಿಯ ಮುಂದೆ ನಿಂತು ನಾನು ಅವಳ ಕ್ಷಮೆ ಕೇಳಿದೆ. ಅಷ್ಟು ಕಷ್ಟವೇನಲ್ಲ ಅದು. ಎರಡು ಮಾತು ಸಾಕು. ಅಣ್ಣನಿಗೆ ಇವತ್ತಿನವರೆಗೂ ಆ ಎರಡು ಮಾತು ಸಿಕ್ಕಿಲ್ಲ.

ಆ ಶನಿವಾರ ಒಬ್ಬಳೇ ಮ್ಯಾಟಿನಿಗೆ ಹೋದೆ. ಖಳನಾಯಕನ ಕಾರು ನಮ್ಮದು. ತೋಟದ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಬರುತ್ತದೆ, ನಾನು ಹೇಳಿಕೊಟ್ಟ ಹಾಗೇ ತಿರುವಿನಲ್ಲಿ ನಿಧಾನಿಸಿ ಎರಡನೇ ಗೇರಿಗೆ ಬೀಳುತ್ತದೆ. ಆಮೇಲೆ ಎಗರುತ್ತದೆ. ಅದನ್ನೇ ಮೂರು ಕಡೆಯಿಂದ ಮೂರು ಸಲ ತೋರಿಸಿದರು. ಹತ್ತು ಸೆಕೆಂಡು ಇರಬಹುದು. ಸುತ್ತಲೂ ಸಿಳ್ಳೆ, ಚಪ್ಪಾಳೆ, ಕಾಗದದ ಚೂರು. ಮುಂದಿನ ಗಾಜು ಒರೆಸುವಾಗ ನಾನು ಎತ್ತಿ ನಿಲ್ಲಿಸಿದ್ದ ಒಂದು ವೈಪರು ಹಾಗೆಯೇ ನಿಂತಿತ್ತು. ಯಾರೂ ಅದನ್ನು ಮಡಿಸಿರಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಕೂರಲಾಗಲಿಲ್ಲ.

ಆಮೇಲೆ ನಾಲ್ಕೈದು ವರ್ಷ ಕಳೆದು, ಹಳೇ ಕಾರಿನ ಹವ್ಯಾಸದವರ ಒಂದು ಸಾಲು ತಿಪಟೂರಿನ ಮೇಲೆ ಶಿವಮೊಗ್ಗದ ಕಡೆ ಹೊರಟಿತ್ತು. ಊರಿನ ವರ್ತಕರು ಮಾರುಕಟ್ಟೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಎಳನೀರಿನ ಸ್ವಾಗತ ಇಟ್ಟುಕೊಂಡಿದ್ದರು. ಬಂದ ಕಾರುಗಳಲ್ಲಿ ಒಂದು ದಾರಿಯಲ್ಲೇ ಕೆಟ್ಟು, ಮೇಸ್ತ್ರಿಯನ್ನು ಕರೆಸಿದ್ದರು. ಮೇಸ್ತ್ರಿ ನಮ್ಮ ಮನೆಗೆ ಫೋನು ಮಾಡಿದರು. “ಬನ್ನಿ ಅಮ್ಮಾ. ನಮ್ದರ ತದ್ರೂಪು ಒಂದೈತೆ. ನೀಲಿ ಬಣ್ಣ, ಅಷ್ಟೇ ಫರಕು.”

ಬಸ್ಸಿನಲ್ಲಿ ಹೋದೆ. ನಿಜವಾಗಿ ಅದೇ. ಅದೇ ರೆಕ್ಕೆ, ಅದೇ ಸೋಫಾ ಸೀಟು. ಮೇಸ್ತ್ರಿ ಆಗಲೇ ಬಾನೆಟ್ಟು ಎತ್ತಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿದ್ದರು. ಬೆಂಗಳೂರಿನವರೆಲ್ಲ ಸುತ್ತ ನಿಂತು ಬೆರಗಾಗಿ ನೋಡುತ್ತಿದ್ದರು. ಅದರ ಒಡೆಯರು ವಯಸ್ಸಾದ ಹೆಂಗಸು. ತಾವೇ ಓಡಿಸಿಕೊಂಡು ಬಂದಿದ್ದರು. ನನ್ನ ಮುಖದಲ್ಲಿ ಏನು ಕಂಡರೋ, “ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದು ಸ್ಟೇರಿಂಗಿನ ಹಿಂದೆ ಕೂರಿಸಿದರು. ಗಂಡ ಕೊಂಡ ಕಾರಂತೆ. ಕಾಲೇಜಿಗೆ ಮಕ್ಕಳನ್ನು ಬಿಟ್ಟದ್ದು, ಮಡಿಕೇರಿಯ ಏರಿನಲ್ಲಿ ವೈಪರ್ ನಿಂತದ್ದು, ಎಲ್ಲ ಹೇಳಿದರು. ನಾನೂ ನಮ್ಮ ವೈಪರಿನ ಕಥೆ ಹೇಳಿದೆ. ಇಬ್ಬರೂ ನಕ್ಕೆವು. ಅಷ್ಟು ವರ್ಷದಲ್ಲಿ ಆ ಕಾರಿನ ಬಗ್ಗೆ ಮಾತಾಡುತ್ತ ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ಮೈಕಿನಲ್ಲಿ ಅಣ್ಣನ ದನಿ.

ಅವನೀಗ ವರ್ತಕರಲ್ಲಿ ಹಿರಿಯ ಎನ್ನಿಸಿಕೊಂಡಿದ್ದ. ಶಾಲು ಹೊದ್ದು ನಿಂತಿದ್ದ. “ನಮ್ಮ ತಂದೆಯವರದೂ ಇಂಥದೇ ಒಂದು ಅಮೆರಿಕಾ ಕಾರಿತ್ತು,” ಅಂದ. “ಭಾನುವಾರ ಬಂದರೆ ಸಾಕು, ಇದೇ ರಸ್ತೆಗಳಲ್ಲಿ ನಾವು ಸವಾರಿ ಹೊರಡುತ್ತಿದ್ದೆವು. ಆ ನೆನಪು ಇಂದಿಗೂ ಹಸಿರು. ಕಾಲದ ಹೊಡೆತಕ್ಕೆ ಸಿಕ್ಕಿ ಅದನ್ನು ನಾವು ಉಳಿಸಿಕೊಳ್ಳಲಾಗಲಿಲ್ಲ.” ಚಪ್ಪಾಳೆ ಬಿತ್ತು. ಬಂದವರಲ್ಲಿ ಕೆಲವರು “ಅಯ್ಯೋ ಪಾಪ” ಎಂದೂ ಅಂದರು.

ನಾನು ಕಾರಿನಿಂದ ಇಳಿದದ್ದು ಗೊತ್ತು. ವೇದಿಕೆ ಹತ್ತಿದ್ದು ಗೊತ್ತಿಲ್ಲ. ಮೈಕು ನನ್ನ ಕೈಯಲ್ಲಿತ್ತು.

“ಕಾಲದ ಹೊಡೆತ ಅಲ್ಲ,” ಅಂದೆ. “ಇವರು ಅದನ್ನ ಸಿನಿಮಾದವರಿಗೆ ಮಾರಿದ್ರು. ಅವರು ಬಾಂಬಿಟ್ಟು ಸುಟ್ರು. ಎರಡು ದಿನದ ಶೂಟಿಂಗು ಅಂತ ಸುಳ್ಳು ಹೇಳಿ ನನ್ ಕೈಯಲ್ಲೇ ಓಡಿಸಿ ಕಳಿಸಿದ್ರು. ಭಾನುವಾರದ ಸವಾರಿ ನಾನೂ ನಮ್ಮಪ್ಪನೂ ಹೋಗ್ತಿದ್ದದ್ದು. ಇವರು ಒಂದು ದಿನವೂ ಬಂದಿಲ್ಲ. ಆ ಕಾರನ್ನ ಉಳಿಸಿದ್ದು ಅಗೋ, ಅಲ್ಲಿ ಬಾನೆಟ್ಟಿನ ಕೆಳಗೆ ಇದ್ದಾರಲ್ಲ, ಅವರು. ಚಪ್ಪಾಳೆ ಹೊಡೆಯೋದಾದ್ರೆ ಅವರಿಗೆ ಹೊಡೀರಿ.”

ಯಾರೂ ಹೊಡೆಯಲಿಲ್ಲ. ಶಾಮಿಯಾನದ ಕೆಳಗೆ ಎಳನೀರು ಕೆತ್ತುತ್ತಿದ್ದವನ ಮಚ್ಚು ಕೂಡ ನಿಂತಿತ್ತು. ಅಣ್ಣ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಮೇಸ್ತ್ರಿ ಮಾತ್ರ ನನ್ನನ್ನು ಬಸ್ಸಿಗೆ ಹತ್ತಿಸುವಾಗ, “ನನ್ ಹೆಸರು ಯಾಕೆ ತೆಗೆದ್ರಿ ಅಮ್ಮಾ? ನಾಳೆ ನಾನು ಇದೇ ಊರಲ್ಲಿ ಸ್ಪ್ಯಾನರ್ ಹಿಡೀಬೇಕಲ್ಲ,” ಅಂದರು. ಅವರ ದನಿಯಲ್ಲಿ ಬೇಸರವಿತ್ತು. ಅದು ನನಗೆ ಹೊಳೆದೇ ಇರಲಿಲ್ಲ.

ಎಂಟು ದಿನವಾದ ಮೇಲೆ ಒಂದು ಬೆಳಿಗ್ಗೆ ಅಣ್ಣ ತುರುವೇಕೆರೆಯ ನಮ್ಮ ಮನೆಗೆ ಬಂದ. ಮದುವೆಯಾದ ಮೇಲೆ ಮೊದಲ ಸಲ. ಯಜಮಾನರು ಶಾಲೆಗೆ ಹೋಗಿಯಾಗಿತ್ತು, ನಾನು ಅಂದು ರಜೆ ಹಾಕಿದ್ದೆ. ಅವನು ನಡುಮನೆಯಲ್ಲಿ ನಿಂತುಕೊಂಡೇ, “ಊರ ಮುಂದೆ ಮಾನ ತೆಗೆದೆ. ತೃಪ್ತಿ ಆಯ್ತಾ?” ಅಂದ.

“ಇನ್ನೂ ಇಲ್ಲ,” ಅಂದೆ.

ಅವನು ಕೂತ. ಆಮೇಲೆ ಹೇಳತೊಡಗಿದ. ಅವನಿಗೆ ಹದಿನೇಳು ವರ್ಷವಿದ್ದಾಗ, ನಾನು ಅಜ್ಜಿಯ ಊರಿನಲ್ಲಿದ್ದ ಒಂದು ಬೇಸಗೆಯಲ್ಲಿ, ಅಪ್ಪ ಇಲ್ಲದ ಹೊತ್ತು ನೋಡಿ ಕಾರು ಹೊರಗೆ ತೆಗೆಯಲು ಹೋಗಿ ಗೋದಾಮಿನ ಕಂಬಕ್ಕೆ ತಾಗಿಸಿದನಂತೆ. ಅಪ್ಪ ಬಂದು, ಕಾಯಿ ಸುಲಿಯುವ ಆಳುಗಳೆಲ್ಲ ನೋಡುತ್ತಿದ್ದ ಹಾಗೆ, ಸೊಂಟದ ಬೆಲ್ಟು ಬಿಚ್ಚಿ ಹೊಡೆದರಂತೆ. ಅವನು ಅಲ್ಲೇ ಉಚ್ಚೆ ಹೊಯ್ದುಕೊಂಡನಂತೆ. ಆಳುಗಳು ನಕ್ಕರಂತೆ. “ಆ ಗಾಡಿ ಮುಟ್ಟಿದ್ರೆ ಕೈ ಕಡೀತೀನಿ ಅಂದ್ರು. ನಿನಗೆ ಕರೆದು ಕಲಿಸಿದ್ರು. ಅದು ಉರಿಯೋ ಹೊತ್ತಲ್ಲಿ ನಾನೂ ಅಲ್ಲಿಗೆ ಹೋಗಿದ್ದೆ ಕಣೇ. ದೂರದಿಂದ ನಿಂತು ನೋಡ್ದೆ.”

“ನೋಡಿ ಏ‍ನನ್ನಿಸ್ತು?”

“ಚೆನ್ನಾಗಿತ್ತು,” ಅಂದ.

ನನಗೆ ಅವನ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ ಎಂದರೆ ಸುಳ್ಳು. ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅಪ್ಪನ ಮೇಲೆ ಬಂತು. ಕಿಟಕಿಯಿಂದ ತಲೆ ಹಾಕಿ “ನನ್ ಮಗ್ಳು ಕಣಪ್ಪ” ಎಂದ ಮನುಷ್ಯ, ಮಗನಿಗೆ ಹಾಗೆ ಮಾಡಿದವರು ಎಂದು ನನಗೆ ಯಾರೂ ಯಾಕೆ ಹೇಳಲಿಲ್ಲ? ಅಮ್ಮನಿಗೆ ಗೊತ್ತಿತ್ತು. ಮೇಸ್ತ್ರಿಗೂ ಗೊತ್ತಿದ್ದಿರಬೇಕು. ಆದರೂ ಏಟು ಕೊಟ್ಟವರು ಅಪ್ಪ. ಸೇಡು ತೀರಿಸಿಕೊಂಡದ್ದು ನನ್ನ ಕೈಯಲ್ಲಿ. ಅದನ್ನೇ ಅವನಿಗೆ ಹೇಳಿದೆ. “ಅಪ್ಪ ಬದುಕಿದ್ದಾಗ ಸುಡಬೇಕಿತ್ತು ನೀನು. ಧೈರ್ಯ ಇರಲಿಲ್ಲ.”

“ಇರಲಿಲ್ಲ,” ಎಂದು ಒಪ್ಪಿಕೊಂಡ.

ಕಾಫಿ ಕೊಟ್ಟೆ. ಮನೆಗೆ ಬಂದವರಿಗೆ ಕೊಡದೆ ಇರಲಾಗುತ್ತದೆಯೇ? ಕುಡಿದ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ತಲೆ ಎತ್ತದೆ ಕೇಳಿದ: “ಓಡಿಸುವಾಗ ಹೆಂಗಿರ್ತಿತ್ತು ಅದು? ರಸ್ತೆ ಮೇಲೆ?”

ಹೇಳಬಹುದಿತ್ತು. ಬಾಯಿತನಕ ಬಂದಿತ್ತು. ಅವನ ಬೋಳಾಗುತ್ತಿದ್ದ ನೆತ್ತಿ ನೋಡುತ್ತ ನಿಂತೆ, ಹೇಳಲಿಲ್ಲ. ಸ್ವಲ್ಪ ಹೊತ್ತು ಕಾದು ಅವನು ಗೇಟು ತೆಗೆದು ಹೋದ. ನಾನು ಮಾರನೆಯ ದಿನದ ಪಾಠ ನೋಡಿಕೊಳ್ಳಲು ಕೂತೆ. ಮಧ್ಯಾಹ್ನದವರೆಗೂ ಅದೇ ಪುಟ ತೆರೆದುಕೊಂಡಿತ್ತು.